ಕಾರ್ಖಾನೆಗೆ ಸರ್ಕಾರದ ಅಪ್ಪಣೆ: ಸರದಿ ಬದಲಿಸಬಹುದು, ಸರಕು ಹುಟ್ಟಿಸಲಾಗದು

2025ರ ಸೆಪ್ಟೆಂಬರ್ 30ರಂದು ನೆದರ್ಲೆಂಡ್ಸ್ ಸರ್ಕಾರ 1952ರ ಕಾಯ್ದೆಯೊಂದರ ದೂಳು ಕೊಡವಿ ಹೊರತೆಗೆಯಿತು. ಯುದ್ಧದಂಥ ಸಂಕಟ ಎದುರಾದರೆ ದೇಶಕ್ಕೆ ಬೇಕಾದ ಸರಕು ಕೈತಪ್ಪಬಾರದು ಎಂದು ಶೀತಲ ಸಮರದ ದಿನಗಳಲ್ಲಿ ಮಾಡಿಟ್ಟಿದ್ದ ಕಾಯ್ದೆ ಅದು. ಅದರ ಬಲದಿಂದ ಸರ್ಕಾರವು ಚೀನಾದ ವಿಂಗ್‌ಟೆಕ್ ಒಡೆತನದ ನೆಕ್ಸ್‌ಪೀರಿಯಾ ಎಂಬ ಚಿಪ್ ಕಂಪನಿಯ ನಿರ್ಧಾರಗಳನ್ನು ತಡೆಯುವ, ರದ್ದುಮಾಡುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ವರ್ಷದ ಏಪ್ರಿಲ್ 12ರಂದು, ಶನಿವಾರವಾದರೂ ಬ್ರಿಟನ್ ಸಂಸತ್ತು ಸಭೆ ಸೇರಿ ಒಂದೇ ದಿನದಲ್ಲಿ ಕಾಯ್ದೆ ಪಾಸು ಮಾಡಿತ್ತು. ಸ್ಕನ್‌ಥಾರ್ಪ್‌ನ ಉಕ್ಕಿನ ಕುಲುಮೆಗಳು ಆರಿಹೋಗದಂತೆ ನೋಡಿಕೊಳ್ಳಲು, ಚೀನೀ ಮಾಲೀಕರ ಕಂಪನಿಯ ಆಡಳಿತದಲ್ಲಿ ಸರ್ಕಾರ ನೇರವಾಗಿ ಕೈಹಾಕಲು ಅದು ದಾರಿ ಮಾಡಿಕೊಟ್ಟಿತು.

ಇಂಥ ಸುದ್ದಿ ಓದಿದವರಿಗೆ ಮೊದಲು ಬರುವ ಅನುಮಾನ, ಇದು ರಾಷ್ಟ್ರೀಕರಣವೇ ಎಂಬುದು. ಅಲ್ಲ. ಎರಡೂ ಪ್ರಕರಣಗಳಲ್ಲಿ ಸರ್ಕಾರದ ಈ ಕ್ರಮದಿಂದ ಕಂಪನಿಯ ಒಡೆತನ ಬದಲಾಗಲಿಲ್ಲ. ಬದಲಾದದ್ದು ಅಪ್ಪಣೆ ಕೊಡುವವರು ಮಾತ್ರ. ಎರಡನೆಯ ಅನುಮಾನ ಭಾರತೀಯ ಓದುಗರಿಗೆ ವಿಶೇಷವಾದದ್ದು. ‘ತುರ್ತು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ 1975 ನೆನಪಾಗುತ್ತದೆ. ಖಾಸಗಿ ಉದ್ಯಮಕ್ಕೆ ಹೀಗೆ ಮಾಡು, ಹೀಗೆ ಮಾರು ಎಂದು ಸರ್ಕಾರ ಹೇಳಬೇಕಾದರೆ ತುರ್ತು ಪರಿಸ್ಥಿತಿ ಘೋಷಿಸಲೇಬೇಕೇ?

ಘೋಷಣೆ ಬೇಕಿಲ್ಲ, ಗೆಜೆಟ್ ಸಾಕು

ಸಂವಿಧಾನದ 352ನೇ ವಿಧಿಯಡಿ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾಗಿರುವುದು ಮೂರು ಸಲ: 1962, 1971 ಮತ್ತು 1975. 1978ರ 44ನೇ ತಿದ್ದುಪಡಿ ಆ ಬಾಗಿಲಿಗೆ ಗಟ್ಟಿ ಅಗುಳಿ ಹಾಕಿದೆ. ಯುದ್ಧ, ಬಾಹ್ಯ ಆಕ್ರಮಣ ಅಥವಾ ಸಶಸ್ತ್ರ ಬಂಡಾಯ ಇದ್ದರೆ, ಇಲ್ಲವೇ ಅದರ ಅಪಾಯ ತೀರ ಹತ್ತಿರವಿದ್ದರೆ ಮಾತ್ರ ಘೋಷಿಸಬಹುದು. ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಕೋವಿಡ್ ಕಾಲದಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗಲೂ 352ನೇ ವಿಧಿಯನ್ನು ಯಾರೂ ಮುಟ್ಟಲಿಲ್ಲ.

ಮುಟ್ಟುವ ಅಗತ್ಯವೇ ಇರಲಿಲ್ಲ. ಉದ್ಯಮವನ್ನು ನಿರ್ದೇಶಿಸುವ ಅಧಿಕಾರ ನಮ್ಮಲ್ಲಿ ಸಾಮಾನ್ಯ ಕಾಯ್ದೆಗಳಲ್ಲೇ ಹಂಚಿಹೋಗಿದೆ. 1955ರ ಅಗತ್ಯ ವಸ್ತುಗಳ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಒಂದು ವಸ್ತುವಿನ ಉತ್ಪಾದನೆ, ಪೂರೈಕೆ, ಹಂಚಿಕೆ, ಬೆಲೆ ಎಲ್ಲವನ್ನೂ ಕೇಂದ್ರ ನಿಯಂತ್ರಿಸಬಹುದು. ಮೀರಿದವರಿಗೆ ಏಳು ವರ್ಷದವರೆಗೆ ಜೈಲು. 2020ರ ಮಾರ್ಚ್ 13ರಂದು ಮಾಸ್ಕ್ ಮತ್ತು ಸ್ಯಾನಿಟೈಸರ್ ಈ ಪಟ್ಟಿ ಸೇರಿದವು. ಸುಮಾರು ಒಂದು ವಾರದಲ್ಲೇ ಮೂರು ಪದರದ ಮಾಸ್ಕ್‌ಗೆ 10 ರೂಪಾಯಿ, 200 ಮಿಲಿ ಲೀಟರ್ ಸ್ಯಾನಿಟೈಸರ್‌ಗೆ 100 ರೂಪಾಯಿ ಎಂದು ಗರಿಷ್ಠ ಬೆಲೆ ನಿಗದಿಯಾಯಿತು. ಇದಕ್ಕೆ ಸಂಸತ್ತಿನಲ್ಲಿ ಚರ್ಚೆ ಬೇಕಾಗಲಿಲ್ಲ, ಗೆಜೆಟ್‌ನಲ್ಲಿ ಅಧಿಸೂಚನೆ ಸಾಕಾಯಿತು.

ಇದರ ಜೊತೆಗೆ ಕಟ್ಟಡ, ವಾಹನ, ಸಾಮಗ್ರಿಗಳನ್ನು ವಶಕ್ಕೆ ಪಡೆಯಲು 2005ರ ವಿಪತ್ತು ನಿರ್ವಹಣಾ ಕಾಯ್ದೆ ಇದೆ. ಕೈಗಾರಿಕೆಯೊಂದರ ಆಡಳಿತವನ್ನೇ ತಾತ್ಕಾಲಿಕವಾಗಿ ವಹಿಸಿಕೊಳ್ಳಲು 1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ, ವಿದ್ಯುತ್ ಸ್ಥಾವರಗಳಿಗೆ ಅಪ್ಪಣೆ ಕೊಡಲು 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್, ಪೇಟೆಂಟ್ ಇದ್ದ ಔಷಧವನ್ನು ಬೇರೆಯವರಿಂದ ಮಾಡಿಸಲು ಪೇಟೆಂಟ್ ಕಾಯ್ದೆಯ 92 ಮತ್ತು 100ನೇ ಸೆಕ್ಷನ್‌ಗಳು, ದೂರಸಂಪರ್ಕ ಜಾಲವನ್ನು ತಾತ್ಕಾಲಿಕವಾಗಿ ಕೈಗೆ ತೆಗೆದುಕೊಳ್ಳಲು 2023ರ ದೂರಸಂಪರ್ಕ ಕಾಯ್ದೆಯ 20ನೇ ಸೆಕ್ಷನ್. ಬತ್ತಳಿಕೆಯಲ್ಲಿ ಬಾಣಗಳಿಗೆ ಬರವಿಲ್ಲ. ಪೇಟೆಂಟ್‌ನ ಬಾಣವನ್ನು ಮಾತ್ರ ಕೋವಿಡ್‌ನಲ್ಲೂ ಹೂಡಲಿಲ್ಲ. ಪೇಟೆಂಟ್ ಇದ್ದವರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತಯಾರಿಕೆಯ ಅನುಮತಿ ಕೊಡುವ ಕಡ್ಡಾಯ ಲೈಸೆನ್ಸ್ ಬಗ್ಗೆ ಯೋಚಿಸಿದ್ದೀರಾ ಎಂದು 2021ರ ಏಪ್ರಿಲ್ 30ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೇಳಿತ್ತು.

ಅಮೆರಿಕದ ಕಾಯ್ದೆ ಏನು ಮಾಡುತ್ತದೆ?

ಈ ವಿಷಯದ ಚರ್ಚೆ ಎಲ್ಲೇ ನಡೆದರೂ ಅಮೆರಿಕದ ರಕ್ಷಣಾ ಉತ್ಪಾದನಾ ಕಾಯ್ದೆಯ ಹೆಸರು ಬಂದೇ ಬರುತ್ತದೆ. ಕೊರಿಯಾ ಯುದ್ಧ ಶುರುವಾದ ಎರಡೂವರೆ ತಿಂಗಳಲ್ಲಿ, 1950ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದ ಕಾಯ್ದೆಯದು. ಆರಂಭದಲ್ಲಿ ಅದರಲ್ಲಿ ಏಳು ಭಾಗಗಳಿದ್ದವು. ಸ್ವತ್ತು ವಶಪಡಿಸಿಕೊಳ್ಳುವುದು, ಬೆಲೆ ಮತ್ತು ಕೂಲಿ ನಿಯಂತ್ರಣದಂಥ ಉಗ್ರ ಅಧಿಕಾರಗಳಿದ್ದ ನಾಲ್ಕು ಭಾಗಗಳು 1953ರಲ್ಲೇ ಕೊನೆಗೊಂಡವು. ಈಗ ಉಳಿದಿರುವುದರ ತಿರುಳು ಎರಡು: ಸರದಿ ಮತ್ತು ದುಡ್ಡು.

ಸರದಿ ಎಂದರೆ ಹೀಗೆ. ಸರ್ಕಾರ ತನ್ನ ಖರೀದಿ ಆದೇಶದ ಮೇಲೆ ಆದ್ಯತೆಯ ಗುರುತು ಹಾಕಿದರೆ, ಕಂಪನಿ ಮೊದಲೇ ಒಪ್ಪಿಕೊಂಡಿದ್ದ ಬೇರೆ ಗಿರಾಕಿಗಳ ಕೆಲಸ ಬದಿಗಿಟ್ಟು ಇದನ್ನು ಮಾಡಿಕೊಡಬೇಕು. ಆ ಕಂಪನಿಗೆ ಬಿಡಿಭಾಗ ಕೊಡುವವರಿಗೂ ಅದೇ ಗುರುತು ದಾಟುತ್ತದೆ, ಅವರಿಗೆ ಕಚ್ಚಾವಸ್ತು ಕೊಡುವವರಿಗೂ ದಾಟುತ್ತದೆ. ಬದಿಗೆ ಬಿದ್ದ ಗಿರಾಕಿ ಕೋರ್ಟಿಗೆ ಹೋದರೆ ಕಂಪನಿಗೆ ರಕ್ಷಣೆ ಇದೆ. ಸರ್ಕಾರಿ ಆದೇಶ ಪಾಲಿಸಿದ್ದರಿಂದಾದ ನಷ್ಟಕ್ಕೆ ಅದು ಹೊಣೆಯಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿಮಾನಗಳು ತಡವಾಗಿ ಬಂದವೆಂದು ಈಸ್ಟರ್ನ್ ಏರ್‌ಲೈನ್ಸ್ ಕಂಪನಿಯು ಮೆಕ್‌ಡೊನೆಲ್ ಡಗ್ಲಸ್ ಮೇಲೆ ಹೂಡಿದ್ದ ದಾವೆಯಲ್ಲಿ 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ರಕ್ಷಣೆಯನ್ನು ಎತ್ತಿಹಿಡಿದಿದೆ.

ಇನ್ನೊಂದು, ದುಡ್ಡು. ಮಾರುಕಟ್ಟೆ ತಾನಾಗಿ ಕಟ್ಟದ ಉತ್ಪಾದನಾ ಸಾಮರ್ಥ್ಯವನ್ನು ಕಟ್ಟಿಸಲು ಸರ್ಕಾರ ಸಾಲ, ಅನುದಾನ ಕೊಡಬಹುದು, ಖರೀದಿಯ ಖಾತರಿ ನೀಡಬಹುದು. ಬ್ಯಾಟರಿಗೆ ಬೇಕಾದ ಲಿಥಿಯಂ, ನಿಕ್ಕಲ್, ಕೋಬಾಲ್ಟ್‌ಗಳಿಗಾಗಿ 2022ರ ಮಾರ್ಚ್‌ನಲ್ಲಿ ಬೈಡನ್ ಬಳಸಿದ್ದು ಈ ಭಾಗವನ್ನೇ.

ವಶಪಡಿಸಿಕೊಳ್ಳುವುದಕ್ಕೆ ಹೋದಾಗ ಏನಾಗುತ್ತದೆ ಎಂಬುದು 1952ರಲ್ಲೇ ಗೊತ್ತಾಯಿತು. ಮುಷ್ಕರ ತಪ್ಪಿಸಲು ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ದೇಶದ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿದರು. ಯುದ್ಧ ನಡೆಯುತ್ತಿದೆ, ಉಕ್ಕು ನಿಂತರೆ ಮದ್ದುಗುಂಡು ನಿಲ್ಲುತ್ತದೆ ಎಂಬುದು ಅವರ ವಾದ. ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಅದನ್ನು ರದ್ದು ಮಾಡಿತು. ತಮಾಷೆಯೆಂದರೆ ವಶಕ್ಕೆ ಪಡೆಯುವ ದಾರಿ ಆಗಿನ ರಕ್ಷಣಾ ಉತ್ಪಾದನಾ ಕಾಯ್ದೆಯಲ್ಲೇ ಇತ್ತು. ಅದರ ವಿಧಿವಿಧಾನ ತುಂಬ ತೊಡಕಿನದು, ಅಷ್ಟು ಸಮಯವಿಲ್ಲ ಎಂದು ಸರ್ಕಾರ ಆ ದಾರಿ ಬಿಟ್ಟಿತ್ತು. ಶಾಸಕಾಂಗ ಹಾಕಿಕೊಟ್ಟ ದಾರಿ ಇದ್ದೂ ಅಡ್ಡದಾರಿ ಹಿಡಿಯಬೇಡಿ ಎಂಬುದೇ ತೀರ್ಪಿನ ಒಟ್ಟು ಮಾತು.

2020ರ ಮಾರ್ಚ್ 27ರಂದು ಜನರಲ್ ಮೋಟರ್ಸ್‌ಗೆ ವೆಂಟಿಲೇಟರ್ ತಯಾರಿಸುವಂತೆ ಟ್ರಂಪ್ ಆದೇಶಿಸಿದ್ದು ದೊಡ್ಡ ಸುದ್ದಿಯಾಯಿತು. ಕಾರು ಕಂಪನಿಯ ಕಿವಿ ಹಿಂಡಿ ವೆಂಟಿಲೇಟರ್ ಮಾಡಿಸಿದರು ಎಂದೇ ಹಲವರು ಭಾವಿಸಿದರು. ವಾಸ್ತವದಲ್ಲಿ ಆ ಹೊತ್ತಿಗೆ ಕಂಪನಿ ವೆಂಟೆಕ್ ಎಂಬ ವೈದ್ಯಕೀಯ ಉಪಕರಣ ತಯಾರಕರ ಜೊತೆ ಸೇರಿ ಕೆಲಸ ಶುರುಮಾಡಿಬಿಟ್ಟಿತ್ತು. 30,000 ಯಂತ್ರಗಳಿಗೆ ಸುಮಾರು 49 ಕೋಟಿ ಡಾಲರ್‌ನ ಕರಾರೂ ಆಯಿತು. ದಂಡ ಝಳಪಿಸಿದ್ದು ಕ್ಯಾಮೆರಾ ಮುಂದೆ. ಕೆಲಸ ಮಾಡಿಸಿದ್ದು ಕರಾರು.

ಸರದಿಯಲ್ಲಿ ಹಿಂದೆ ನಿಂತವರು

ಸರದಿ ಬದಲಾಯಿತೆಂದರೆ ಯಾರೋ ಮುಂದೆ ಹೋದರು, ಯಾರೋ ಹಿಂದೆ ಬಿದ್ದರು ಎಂದೇ ಅರ್ಥ. ಹಿಂದೆ ಬಿದ್ದವರು ಬೇರೆ ದೇಶದಲ್ಲಿದ್ದರೆ ಅವರಿಗೆ ಆ ಕಾಯ್ದೆಯಡಿ ದೂರು ಹೇಳಿಕೊಳ್ಳಲೂ ಜಾಗವಿಲ್ಲ.

ಭಾರತ ಇದನ್ನು ಅನುಭವಿಸಿದ್ದು 2021ರಲ್ಲಿ. ಲಸಿಕೆ ತಯಾರಿಗೆ ಬೇಕಾದ ಫಿಲ್ಟರ್‌ಗಳು, ಒಮ್ಮೆ ಬಳಸಿ ಬಿಸಾಡುವ ವಿಶೇಷ ಚೀಲಗಳು ಮುಂತಾದವನ್ನು ರಕ್ಷಣಾ ಉತ್ಪಾದನಾ ಕಾಯ್ದೆಯ ಆದ್ಯತೆಯಿಂದಾಗಿ ಅಮೆರಿಕದ ಕಂಪನಿಗಳು ಮೊದಲು ತಮ್ಮ ದೇಶದ ಲಸಿಕೆ ತಯಾರಕರಿಗೆ ಕೊಡಬೇಕಾಯಿತು. ಏಪ್ರಿಲ್ 16ರಂದು ಸೀರಂ ಇನ್‌ಸ್ಟಿಟ್ಯೂಟ್‌ನ ಅದಾರ್ ಪೂನಾವಾಲಾ, ಕಚ್ಚಾವಸ್ತು ರಫ್ತಿನ ಮೇಲಿನ ನಿರ್ಬಂಧ ತೆಗೆಯಿರಿ ಎಂದು ಬೈಡನ್ ಅವರಿಗೇ ಟ್ವಿಟರ್‌ನಲ್ಲಿ ಬಹಿರಂಗವಾಗಿ ಮೊರೆಯಿಟ್ಟರು. ಅಂಥ ರಫ್ತು ನಿಷೇಧವನ್ನೇ ತಾನು ಹೇರಿಲ್ಲ ಎಂಬುದು ಅಮೆರಿಕದ ಉತ್ತರ. ಕಾಗದದ ಮೇಲೆ ಅದು ಸರಿ. ಆದರೆ ಮೊದಲ ಸಾಲಿನವರಿಗೆ ಹಂಚಿ ಮುಗಿಯುವಷ್ಟರಲ್ಲಿ ಸರಕು ಖಾಲಿಯಾದರೆ, ಎರಡನೇ ಸಾಲಿನಲ್ಲಿ ನಿಂತವನಿಗೆ ನಿಷೇಧಕ್ಕೂ ಇದಕ್ಕೂ ವ್ಯತ್ಯಾಸವೇನು? ಭಾರತದಲ್ಲಿ ಎರಡನೇ ಅಲೆ ಉಕ್ಕಿದ ಮೇಲೆ, ಏಪ್ರಿಲ್ 25ರಂದು, ಕೋವಿಶೀಲ್ಡ್‌ಗೆ ಬೇಕಾದ ಸಾಮಗ್ರಿ ಒದಗಿಸುವುದಾಗಿ ಅಮೆರಿಕ ಹೇಳಿತು.

ನೆಕ್ಸ್‌ಪೀರಿಯಾ ಕತೆಯಲ್ಲಿ ಏಟು ತಿರುಗಿ ಬಿದ್ದದ್ದು ಇನ್ನೂ ಬೇಗ. ಆ ಕಂಪನಿ ಚಿಪ್‌ಗಳಿರುವ ಸಿಲಿಕಾನ್ ತಟ್ಟೆಗಳನ್ನು (ವೇಫರ್) ಯುರೋಪಿನಲ್ಲಿ ಮಾಡಿದರೂ, ಬಹುಪಾಲನ್ನು ಕತ್ತರಿಸಿ, ಕವಚ ತೊಡಿಸಿ, ಪರೀಕ್ಷಿಸುವುದು ಚೀನಾದ ಡಾಂಗ್‌ಗುವಾನ್‌ನಲ್ಲಿ. ಡಚ್ ಆದೇಶ ಹೊರಬಿದ್ದ ನಾಲ್ಕೇ ದಿನಕ್ಕೆ ಚೀನಾ ಅಲ್ಲಿಂದ ಹೊರಹೋಗುವ ಸರಕಿಗೆ ತಡೆ ಹಾಕಿತು. ಇವೇನೂ ಅತ್ಯಾಧುನಿಕ ಚಿಪ್‌ಗಳಲ್ಲ, ಕಾರಿನ ದೀಪ, ಕಿಟಕಿ, ಬ್ರೇಕ್‌ಗಳೊಳಗೆ ಕೂರುವ ಅಗ್ಗದ ಸಣ್ಣ ಬಿಡಿಭಾಗಗಳು. ಆದರೂ ಅವಿಲ್ಲದೆ ಕಾರು ಹೊರಬರುವುದಿಲ್ಲ. ಹೋಂಡಾ ಉತ್ತರ ಅಮೆರಿಕದಲ್ಲಿ ಉತ್ಪಾದನೆ ತಗ್ಗಿಸಬೇಕಾಯಿತು. ನವೆಂಬರ್ 19ರಂದು ಡಚ್ ಸರ್ಕಾರ ತನ್ನ ಆದೇಶವನ್ನು ಅಮಾನತಿನಲ್ಲಿಟ್ಟಿತು. ಸರಕು ಕೈತಪ್ಪದಿರಲಿ ಎಂದು ಹೊರಡಿಸಿದ ಆದೇಶವೇ ಸರಕು ಕೈತಪ್ಪುವುದಕ್ಕೆ ಕಾರಣವಾದದ್ದನ್ನು ನೋಡಿದರೆ, ಅಪ್ಪಣೆಯ ಬಲ ದೇಶದ ಗಡಿಯಲ್ಲಿ ನಿಲ್ಲುತ್ತದೆ, ಪೂರೈಕೆ ಸರಪಳಿ ನಿಲ್ಲುವುದಿಲ್ಲ ಎಂಬುದು ಸ್ಪಷ್ಟ.

ಆಮ್ಲಜನಕ: ಆದೇಶವಿತ್ತು, ಟ್ಯಾಂಕರ್ ಇರಲಿಲ್ಲ

ಗಡಿಯೊಳಗೂ ಅಪ್ಪಣೆಗೆ ಮಿತಿ ಇದೆ. 2021ರ ಏಪ್ರಿಲ್, ಮೇ ತಿಂಗಳುಗಳ ಆಮ್ಲಜನಕದ ಅಭಾವ ಇದಕ್ಕೆ ನಮ್ಮ ಕಣ್ಣೆದುರಿಗಿರುವ ಕಹಿ ಸಾಕ್ಷಿ.

ಕಾನೂನಿನ ಅಧಿಕಾರಕ್ಕೆ ಆಗ ಯಾವ ಕೊರತೆಯೂ ಇರಲಿಲ್ಲ. ಒಂಬತ್ತು ಬಗೆಯ ಉದ್ಯಮಗಳನ್ನು ಬಿಟ್ಟು ಉಳಿದವುಗಳಿಗೆ ಆಮ್ಲಜನಕ ಪೂರೈಸುವುದನ್ನು ಏಪ್ರಿಲ್ 22ರಿಂದ ಕೇಂದ್ರ ನಿಷೇಧಿಸಿತು. ಮೂರು ದಿನಕ್ಕೆ ಆ ವಿನಾಯಿತಿಯೂ ಹೋಯಿತು. ದ್ರವ ಆಮ್ಲಜನಕವನ್ನು ವೈದ್ಯಕೀಯ ಬಳಕೆಗಲ್ಲದೆ ಬೇರೆಯದಕ್ಕೆ ಕೊಡುವಂತಿಲ್ಲ ಎಂದಾಯಿತು. ಉಕ್ಕಿನ ಕಾರ್ಖಾನೆಗಳು ತಮ್ಮ ಕುಲುಮೆಗಾಗಿ ತಯಾರಿಸುವ ಆಮ್ಲಜನಕ ಆಸ್ಪತ್ರೆಗಳ ಕಡೆ ತಿರುಗಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯದೂ ಅದರಲ್ಲಿ ದೊಡ್ಡ ಪಾಲು. ಉದ್ಯಮಗಳು ತಕರಾರು ತೆಗೆಯಲಿಲ್ಲ.

ಹಾಗಿದ್ದರೂ ಜನ ಉಸಿರಿಲ್ಲದೆ ಸತ್ತರು. ದ್ರವ ಆಮ್ಲಜನಕ ಕುದಿಯುವುದು ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಸಾಗಿಸಲು ಹಾಲಿನ ಟ್ಯಾಂಕರ್, ನೀರಿನ ಟ್ಯಾಂಕರ್ ಆಗುವುದಿಲ್ಲ. ಶೀತಲ ಕವಚವಿರುವ ವಿಶೇಷ ಟ್ಯಾಂಕರ್‌ಗಳೇ ಬೇಕು. ದೊಡ್ಡ ಉತ್ಪಾದಕರಲ್ಲಿ ಹಲವರು ಇದ್ದದ್ದು ಒಡಿಶಾ, ಜಾರ್ಖಂಡ್ ಕಡೆಯ ಉಕ್ಕಿನ ಪಟ್ಟಿಯಲ್ಲಿ. ಬೇಡಿಕೆ ಮುಗಿಲು ಮುಟ್ಟಿದ್ದು ದೆಹಲಿಯಲ್ಲಿ. ಟ್ಯಾಂಕರ್ ಒಂದು ತುಂಬಿಸಿಕೊಂಡು ಹೋಗಿ ಖಾಲಿಯಾಗಿ ವಾಪಸ್ ಬರಲು ದಿನಗಟ್ಟಲೆ ಬೇಕು. ಅಷ್ಟು ದಿನ ಆ ಟ್ಯಾಂಕರ್ ಮತ್ತೊಂದು ಆಸ್ಪತ್ರೆಗೆ ಇಲ್ಲ. ಸಾರಜನಕ, ಆರ್ಗಾನ್ ಸಾಗಿಸುತ್ತಿದ್ದ ಟ್ಯಾಂಕರ್‌ಗಳನ್ನು ಮಾರ್ಪಡಿಸಲಾಯಿತು, ರೈಲಿನ ಮೇಲೆ ಟ್ಯಾಂಕರ್ ಏರಿಸಿ ಕಳಿಸಲಾಯಿತು, ಖಾಲಿ ಟ್ಯಾಂಕರ್‌ಗಳನ್ನು ವಾಯುಪಡೆಯ ವಿಮಾನದಲ್ಲಿ ಹೊತ್ತೊಯ್ಯಲಾಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಬೆಂಕಿ ಬಿದ್ದ ಮೇಲೆ ತೋಡಿದ ಬಾವಿಗಳು.

ಮುಂದಿನ ಘಟ್ಟ ಕೋರ್ಟು. ಕರ್ನಾಟಕಕ್ಕೆ ದಿನಕ್ಕೆ 965 ಟನ್ ಹಂಚಿಕೆಯಾಗಿದ್ದನ್ನು 1,200 ಟನ್‌ಗೆ ಏರಿಸುವಂತೆ ಮೇ 5ರಂದು ರಾಜ್ಯ ಹೈಕೋರ್ಟ್ ಕೇಂದ್ರಕ್ಕೆ ಆದೇಶಿಸಿತು. ಕೇಂದ್ರ ಮೇಲ್ಮನವಿ ಹೋಯಿತು; ಎರಡು ದಿನದ ನಂತರ ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶದಲ್ಲಿ ಕೈಹಾಕಲು ಒಪ್ಪಲಿಲ್ಲ. ಒಂದು ರಾಜ್ಯದ ಪಾಲು ಹೆಚ್ಚಿದರೆ ಇನ್ನೊಂದರದು ತಗ್ಗುತ್ತದೆ ಎಂಬ ಕೇಂದ್ರದ ಆತಂಕದಲ್ಲಿ ಹುರುಳಿಲ್ಲ ಎನ್ನಲಾಗದು. ಹಂಚಿಕೆಗೆ ಮೊದಲೇ ಸೂತ್ರವೊಂದು ಇದ್ದಿದ್ದರೆ ಟನ್ನುಗಳ ಲೆಕ್ಕ ನ್ಯಾಯಮೂರ್ತಿಗಳ ಮೇಜಿಗೆ ಬರುತ್ತಿರಲಿಲ್ಲ.

ನಷ್ಟ ಯಾರ ತಲೆಗೆ?

ನನ್ನ ಪ್ರಕಾರ ಇಡೀ ಚರ್ಚೆಯ ಗಂಟು ಇರುವುದು ಇಲ್ಲಿ. ನಮ್ಮ ಕಾಯ್ದೆಗಳು ಅಪ್ಪಣೆ ಕೊಡುವ ಭಾಗವನ್ನು ಧಾರಾಳವಾಗಿ ಬರೆದಿವೆ, ಹಣ ಕೊಡುವ ಭಾಗವನ್ನು ಬಿಗಿಮುಷ್ಟಿಯಲ್ಲಿ.

ವಿದ್ಯುತ್ತಿನ ಉದಾಹರಣೆ ನೋಡಿ. ಆಮದು ಕಲ್ಲಿದ್ದಲಿನಿಂದ ನಡೆಯುವ ಸ್ಥಾವರಗಳು ರಾಜ್ಯಗಳ ಜೊತೆ ದೀರ್ಘಾವಧಿ ಖರೀದಿ ಒಪ್ಪಂದ ಮಾಡಿಕೊಂಡಿರುತ್ತವೆ. ಕಲ್ಲಿದ್ದಲಿನ ಬೆಲೆ ಏರಿದರೂ ಹಲವು ಒಪ್ಪಂದಗಳಲ್ಲಿ ದರ ಪೂರ್ತಿ ಏರಿಸುವಂತಿಲ್ಲ. ಬೆಲೆ ಏರಿದ್ದು ಒಪ್ಪಂದ ಬಿಡಲು ನೆಪವಾಗದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಹ ಹೇಳಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಕಲ್ಲಿದ್ದಲು ಬೆಲೆ ಗಗನಕ್ಕೇರಿತು. ಪ್ರತಿ ಯೂನಿಟ್ಟಿಗೂ ಕೈಯಿಂದ ಹಣ ಹಾಕುವುದಕ್ಕಿಂತ ಸ್ಥಾವರ ನಿಲ್ಲಿಸಿಕೊಳ್ಳುವುದೇ ಮೇಲು ಎಂದು ಹಲವು ಕಂಪನಿಗಳು ಸುಮ್ಮನೆ ಕುಳಿತವು. ಅದೇ ಹೊತ್ತಿಗೆ ಬಿರುಬೇಸಿಗೆ, ವಿದ್ಯುತ್ ಬೇಡಿಕೆ ಏರುಮುಖ. ಆ ವರ್ಷದ ಮೇ 5ರಂದು ಕೇಂದ್ರ ಇಂಧನ ಸಚಿವಾಲಯ 11ನೇ ಸೆಕ್ಷನ್ ಬಳಸಿ, ಆಮದು ಕಲ್ಲಿದ್ದಲಿನ ಎಲ್ಲ ಸ್ಥಾವರಗಳೂ ಪೂರ್ಣ ಸಾಮರ್ಥ್ಯದಲ್ಲಿ ನಡೆಯಬೇಕು ಎಂದು ಆದೇಶಿಸಿತು.

ಇದೇ ಸೆಕ್ಷನ್ನಿನ ಎರಡನೇ ಉಪವಿಧಿ, ಅಪ್ಪಣೆಯಿಂದಾದ ಆರ್ಥಿಕ ಹೊರೆಯನ್ನು ವಿದ್ಯುತ್ ನಿಯಂತ್ರಣ ಆಯೋಗ ಸರಿದೂಗಿಸಬಹುದು ಎನ್ನುತ್ತದೆ. ‘ಬಹುದು’ ಎಂಬ ಈ ಒಂದು ಪದದ ಮೇಲೆ ಎಷ್ಟೊಂದು ವಕೀಲರ ಸಂಸಾರ ನಡೆಯುತ್ತಿದೆಯೋ! ಎಷ್ಟು ಸರಿದೂಗಿಸಬೇಕು, ಬರೀ ಖರ್ಚೋ ಲಾಭವೂ ಸೇರಿಯೋ, ಕೊಡುವವರು ಯಾರು ಎಂಬ ತಕರಾರುಗಳು ಆಯೋಗ, ಮೇಲ್ಮನವಿ ನ್ಯಾಯಮಂಡಳಿಗಳ ಮೆಟ್ಟಿಲೇರಿದವು. ಕರ್ನಾಟಕಕ್ಕೂ ಇದು ಹೊಸದಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಜಲಾಶಯ ಬರಿದಾಗಿ, ಪಂಪ್‌ಸೆಟ್‌ಗಳ ಬಳಕೆ ಏರಿದಾಗ, ರಾಜ್ಯ ಸರ್ಕಾರ ಅಕ್ಟೋಬರ್‌ನಲ್ಲಿ ಇದೇ ಸೆಕ್ಷನ್ ಬಳಸಿ ಖಾಸಗಿ ಉತ್ಪಾದಕರು ರಾಜ್ಯದ ಜಾಲಕ್ಕೇ ವಿದ್ಯುತ್ ಕೊಡಬೇಕು ಎಂದಿತು. ಹೊರಗೆ ಹೆಚ್ಚು ಬೆಲೆಗೆ ಮಾರಬಹುದಾಗಿದ್ದವರಿಗೆ ಅದು ನಷ್ಟ. ಕತ್ತಲಲ್ಲಿ ಕೂರಬೇಕಿದ್ದವರಿಗೆ ಬೆಳಕು.

ಹಣದ ದಾರಿ ತೋರಿಸದ ಅಪ್ಪಣೆಯ ಗತಿ ಏನಾಗುತ್ತದೆ ಎಂಬುದಕ್ಕೆ 2020ರ ವೇತನ ಆದೇಶ ಸಾಕ್ಷಿ. ಲಾಕ್‌ಡೌನ್‌ನಲ್ಲಿ ಮುಚ್ಚಿದ್ದರೂ ಕಾರ್ಮಿಕರಿಗೆ ಪೂರ್ತಿ ಸಂಬಳ ಕೊಡಬೇಕೆಂದು ಮಾರ್ಚ್ 29ರಂದು ಗೃಹ ಸಚಿವಾಲಯ ವಿಪತ್ತು ನಿರ್ವಹಣಾ ಕಾಯ್ದೆಯಡಿ ಎಲ್ಲ ಮಾಲೀಕರಿಗೂ ಹೇಳಿತು. ಉದ್ದೇಶದ ಬಗ್ಗೆ ಯಾರ ತಕರಾರೂ ಇರಲಿಕ್ಕಿಲ್ಲ. ಆದರೆ ವ್ಯಾಪಾರವೇ ಇಲ್ಲದ ಸಣ್ಣ ಕೈಗಾರಿಕೆ ಆ ಹಣ ಎಲ್ಲಿಂದ ತರಬೇಕು ಎಂಬುದಕ್ಕೆ ಆದೇಶದಲ್ಲಿ ಉತ್ತರವಿರಲಿಲ್ಲ. ಮೇ ಮಧ್ಯದಲ್ಲಿ ಆದೇಶ ಹಿಂದಕ್ಕೆ ಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಕಾರ್ಮಿಕರೂ ಮಾಲೀಕರೂ ಕೂತು ಮಾತಾಡಿಕೊಳ್ಳಲಿ ಎಂದಿತು. ಇಬ್ಬರಲ್ಲಿ ಯಾರ ಕೈ ಮೇಲಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಪರ ವಿರೋಧ, ಮತ್ತು ಕಾಲದ ಪ್ರಶ್ನೆ

ಮಾರುಕಟ್ಟೆಯ ಪರ ನಿಂತವರ ವಾದ ಸರಳ. ಅಭಾವವಿದ್ದಾಗ ಬೆಲೆ ಏರುತ್ತದೆ, ಏರಿದ ಬೆಲೆ ನೋಡಿ ಹೊಸಬರು ಉತ್ಪಾದನೆಗೆ ಇಳಿಯುತ್ತಾರೆ, ಅಭಾವ ನೀಗುತ್ತದೆ. ಬೆಲೆಗೆ ಮಿತಿ ಹಾಕಿದರೆ ಸರಕು ಅಂಗಡಿಯ ಮುಂಬಾಗಿಲಿನಿಂದ ಮಾಯವಾಗಿ ಹಿಂಬಾಗಿಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪಡಿತರದ ಕಾಲ ಕಂಡವರಿಗೆ ಕಾಳಸಂತೆಯ ಪರಿಚಯ ಮಾಡಿಕೊಡಬೇಕಿಲ್ಲ.

ಎದುರು ವಾದವೂ ಗಟ್ಟಿಯೇ. ಆಮ್ಲಜನಕ ಘಟಕ ಕಟ್ಟಲು ತಿಂಗಳುಗಳು ಬೇಕು, ರೋಗಿಗೆ ಇರುವುದು ಗಂಟೆಗಳು. ಆ ಗಂಟೆಗಳಲ್ಲಿ ಬೆಲೆ ಎಷ್ಟೇ ಏರಿದರೂ ಹೊಸ ಸರಕು ಹುಟ್ಟದು, ಇರುವುದು ಹಣವಂತರ ಪಾಲಾಗುತ್ತದೆ ಅಷ್ಟೆ. ಸಾಸಿವೆ ಎಣ್ಣೆಯ ಬೆಲೆ ನಿಯಂತ್ರಣ ಪ್ರಶ್ನಿಸಿದ್ದ 1978ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉತ್ಪಾದಕರ ಲಾಭಕ್ಕಿಂತ ಬಳಕೆದಾರರ ಹಿತಕ್ಕೆ ಹೆಚ್ಚು ತೂಕ ಕೊಟ್ಟಿತ್ತು.

ಎರಡೂ ವಾದ ನಿಜ, ಬೇರೆ ಬೇರೆ ಅವಧಿಗೆ. ಸರಕು ಇಂತಿಷ್ಟೇ ಎಂದು ನಿಗದಿಯಾಗಿರುವ ದಿನಗಳಲ್ಲಿ ಅಪ್ಪಣೆಗೆ ಬದಲಿಯಿಲ್ಲ. ಆ ದಿನಗಳು ತಿಂಗಳಾಗಿ ವರ್ಷವಾದರೆ ಅಪ್ಪಣೆಯೇ ಹೊಸ ಬಂಡವಾಳಕ್ಕೆ ಅಡ್ಡಗಾಲು.

ಕೊನೆಯ ದಿನಾಂಕ

ಹಾಗಾಗಿ ಆದೇಶ ಎಂದು ಹೊರಟಿತು ಎಂಬುದಕ್ಕಿಂತ ಎಂದು ಮುಗಿಯುತ್ತದೆ ಎಂಬುದನ್ನು ನೋಡಬೇಕು. ಅಮೆರಿಕದ ಕಾಯ್ದೆಯ ಮುಖ್ಯ ಅಧಿಕಾರಗಳಿಗೆ ಅವಧಿ ಇದೆ. ಅವನ್ನು ಜೀವಂತ ಇಡಲು ಅಲ್ಲಿನ ಸಂಸತ್ತು 1950ರಿಂದ 50ಕ್ಕೂ ಹೆಚ್ಚು ಸಲ ಮತ ಹಾಕಿದೆ. ಪ್ರತಿ ಸಲವೂ ಏಕೆ ಬೇಕು ಎಂಬ ಪ್ರಶ್ನೆ ಏಳಲು ಅವಕಾಶವಾದರೂ ಸಿಗುತ್ತದೆ. ನಮ್ಮ 1955ರ ಕಾಯ್ದೆಗೆ ಮುಕ್ತಾಯದ ದಿನವಿಲ್ಲ. ಅದರಡಿಯ ಆದೇಶಗಳನ್ನು ಸಂಸತ್ತಿನಲ್ಲಿ ಮಂಡಿಸಬೇಕು ಎಂದಿದೆ, 352ನೇ ವಿಧಿಯಂತೆ ಆರು ತಿಂಗಳಿಗೊಮ್ಮೆ ಒಪ್ಪಿಗೆ ಪಡೆಯಬೇಕು ಎಂದಿಲ್ಲ.

ಸಕ್ಕರೆ ಕಾರ್ಖಾನೆಗಳು ತಮ್ಮ ಉತ್ಪಾದನೆಯ ಒಂದು ಪಾಲನ್ನು ಪಡಿತರಕ್ಕಾಗಿ ಕಡಿಮೆ ಬೆಲೆಗೆ ಸರ್ಕಾರಕ್ಕೆ ಕೊಡಬೇಕಿದ್ದ ಲೆವಿ ಪದ್ಧತಿ ಕೊರತೆಯ ಕಾಲದ ಕೂಸು. ಭಾರತ ಸಕ್ಕರೆ ರಫ್ತು ಮಾಡುವ ದೇಶವಾದ ಮೇಲೂ ಅದು ಉಳಿದಿತ್ತು, ಹೋದದ್ದು 2013ರಲ್ಲಿ. ದಾಸ್ತಾನು ಮಿತಿ ಹೇರಲು ಬೆಲೆ ಇಂತಿಷ್ಟು ಶೇಕಡಾ ಏರಿರಲೇಬೇಕು ಎಂಬ ಕಟ್ಟುಪಾಡು 2020ರ ತಿದ್ದುಪಡಿಯಲ್ಲಿ ಬಂದಿತ್ತು. ಗದ್ದಲಕ್ಕೆ ಕಾರಣವಾದ ಮೂರು ಕೃಷಿ ಕಾಯ್ದೆಗಳಲ್ಲಿ ಅದೂ ಒಂದು; 2021ರಲ್ಲಿ ಉಳಿದೆರಡರ ಜೊತೆಗೇ ಅದೂ ಹೋಯಿತು. 2023ರ ಜೂನ್‌ನಲ್ಲಿ ಗೋಧಿಗೆ ದಾಸ್ತಾನು ಮಿತಿ ಬಂದಾಗ ಅಂಥ ಅಳತೆಗೋಲೇನೂ ಇರಲಿಲ್ಲ.

ವಿದ್ಯುತ್ ಸ್ಥಾವರಗಳ ಮೇಲಿನ 2022ರ ಆದೇಶಕ್ಕೆ ಮೊದಲು ಇದ್ದ ಗಡುವು ಅದೇ ವರ್ಷದ ಅಕ್ಟೋಬರ್ 31. ಮರುವರ್ಷದ ಬೇಸಿಗೆಗೆ ಹೊಸ ಆದೇಶ ಬಂತು, ಆಮೇಲೆ ವಿಸ್ತರಣೆಯ ಮೇಲೆ ವಿಸ್ತರಣೆ. ಕಾಯ್ದೆ ಈ ಅಧಿಕಾರ ಕೊಟ್ಟಿದ್ದು ‘ಅಸಾಧಾರಣ ಸಂದರ್ಭ’ಕ್ಕೆ. ಬೇಸಿಗೆ ವರ್ಷಕ್ಕೊಮ್ಮೆ ಬರುತ್ತದೆ. ನಾಳೆ ಹೊಸ ಸ್ಥಾವರಕ್ಕೆ ಸಾಲ ಕೊಡುವ ಬ್ಯಾಂಕು ಈ ಇತಿಹಾಸವನ್ನೆಲ್ಲ ಓದಿಕೊಂಡೇ ಬಡ್ಡಿ ನಿಗದಿ ಮಾಡುತ್ತದೆ. ಸ್ಥಾವರದವನು ಆ ಬಡ್ಡಿಯನ್ನು ಖರೀದಿ ಒಪ್ಪಂದದ ದರಕ್ಕೆ ಸೇರಿಸುತ್ತಾನೆ, ಎಸ್ಕಾಂ ಅದನ್ನು ಆಯೋಗದ ಮುಂದಿಟ್ಟು ಬಿಲ್ಲಿಗೆ ಸೇರಿಸುತ್ತದೆ.